ಎರಡು ಸುಳಿ

ನ್ಯಾಯಾಲಯದ ಮೆಟ್ಟಿಲ ಮೇಲೆ ಅಕ್ಕ ಲಕೋಟೆಯನ್ನು ತಮ್ಮನ ಜೇಬಿಗೆ ತುರುಕಿದಳು. ಅವನು ಅದನ್ನು ತೆಗೆದು ಮತ್ತೆ ಅವಳ ಕೈಗೇ ಇಟ್ಟ.

"ನೀನೇ ಕೂಡಿಟ್ಟಿರೋ ದುಡ್ಡಲ್ವೇನೋ ಇದು? ಬಾಕಿ ಕಟ್ಟಿ ಮನೆಗೆ ನಡಿ."

"ಇವತ್ತು ಬೇಡ ಅಕ್ಕ. ಒಂದು ತಿಂಗಳು ಮುಟ್ಟಬೇಡ. ಆಮೇಲೆ ನನ್ನ ಹೆಂಡ್ತಿ ಮನೆಗೇ ಹೋಗಿ ಕೈಗೆ ಕೊಟ್ಟು ಬಾ."

"ತಲೆ ಕೆಟ್ಟಿದೆಯಾ? ಕಟ್ಟಲಿಲ್ಲ ಅಂದ್ರೆ ಜೈಲು!"

"ಗೊತ್ತು."

ಅವನ ಇನ್ನೊಂದು ಕೈಯಲ್ಲಿ ಚೀಲವಿತ್ತು. ಎರಡು ಜೊತೆ ಬಟ್ಟೆ, ಒಂದು ಟವೆಲ್ಲು. ತೀರ್ಪಿಗೆ ಮೊದಲೇ ಗಂಟುಮೂಟೆ ಕಟ್ಟಿಕೊಂಡು ಬಂದ ಆಸಾಮಿಯನ್ನು ಆ ಕಟ್ಟಡ ಅದುವರೆಗೆ ಕಂಡಿರಲಿಲ್ಲ.

ಕಸುಬಿನಲ್ಲಿ ಅವನು ಕ್ಷೌರಿಕ. ಮಗನಿಗೆ ಹತ್ತು ವರ್ಷವಿದ್ದಾಗ ಮನೆ ಬಿಟ್ಟು ಹೋದ. ಮಗನಿಗೆ ಹದಿನೆಂಟಾಗುವವರೆಗೆ ತಿಂಗಳು ತಿಂಗಳು ಜೀವನಾಂಶ ಕೊಡಬೇಕೆಂದು ಆದೇಶವಾಯಿತು. ನಾಲ್ಕು ತಿಂಗಳು ಕೊಟ್ಟ. ಆಮೇಲೆ ಸಮನ್ಸು ಬಂದಾಗಲೆಲ್ಲ ಅಂಗಡಿಯನ್ನು ಒಂದು ಬೀದಿಯಿಂದ ಇನ್ನೊಂದಕ್ಕೆ ಎತ್ತಿಕೊಂಡು ಹೋದ. ಅವನ ಪರವಾಗಿ ಹೇಳುವಂಥದ್ದು ಇದರಲ್ಲಿ ಏನೂ ಇಲ್ಲ. ಮಗನಿಗೆ ಈಗ ಇಪ್ಪತ್ತು.

ಕಟಕಟೆಯ ಎದುರು ಅವನ ಹೆಂಡತಿ ನಿಂತಿದ್ದಳು. ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವ ಕೆಲಸ ಅವಳದು; ಮಣಿಕಟ್ಟಿನ ಮೇಲೆ ಸುಟ್ಟ ಕಲೆಗಳಿದ್ದವು. ಅವಳ ವಕೀಲ ಉತ್ಸಾಹದಲ್ಲಿದ್ದ.

"ಸ್ವಾಮಿ, ಕ್ಷೌರದಂಗಡಿಗೆ ಭಾನುವಾರವೇ ಸಂಪಾದನೆ. ಈ ಮಹಾಶಯರು ನಾಲ್ಕು ತಿಂಗಳಿಂದ ಪ್ರತಿ ಭಾನುವಾರ ಬೆಳಿಗ್ಗೆ ಅಂಗಡಿಗೆ ಬೀಗ ಹಾಕ್ತಾರೆ. ಹಣ್ಣು, ಬಿಸ್ಕತ್ತು ಹಿಡ್ಕೊಂಡು ಎಲ್ಲಿಗೋ ಹೋಗ್ತಾರೆ. ಕಷ್ಟದಲ್ಲಿರೋ ಮನುಷ್ಯ ಹೀಗೆ ಮಾಡ್ತಾನಾ? ಯಾರನ್ನ ಮೆಚ್ಚಿಸೋಕೆ ಇದೆಲ್ಲ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ."

ಹಿಂದಿನ ಬೆಂಚಿನವರು ಕಿಸಕ್ಕನೆ ನಕ್ಕರು. ಅಂಗಡಿಯ ಗಿರಾಕಿಗಳೂ ಇದನ್ನೇ ಆಡಿಕೊಳ್ಳುತ್ತಿದ್ದರು. ಹಣ್ಣಿನ ಚೀಲ ಮಧ್ಯಾಹ್ನ ಹಾಗೇ ವಾಪಸು ಬರುತ್ತಿದ್ದುದನ್ನು ಮಾತ್ರ ಯಾರೂ ಗಮನಿಸಿರಲಿಲ್ಲ. ಹೆಂಡತಿ ನಗಲಿಲ್ಲ. ತಟ್ಟನೆ ತಲೆಯೆತ್ತಿ ಅವನನ್ನೊಮ್ಮೆ ನೋಡಿದಳು.

"ಮಗ ಬಂದಿದ್ದಾನಾ?" ನ್ಯಾಯಾಧೀಶರು ಕೇಳಿದರು.

"ಬರೋ ಹಾಗಿಲ್ಲ ಸ್ವಾಮಿ. ಬಂದ್ರೂ ಅಪ್ಪನ ಮುಖ ನೋಡಲ್ಲ." ಅವಳು ಕೈ ಮುಗಿದಳು. "ನಂಗೆ ಈಗ ದುಡ್ಡು ಯಾಕೆ? ಬೇಕಾದಾಗ ಕೊಡಲಿಲ್ಲ. ಅವನ ತಲೇಲಿ ಎರಡು ಸುಳಿ. ಅಂಗಡಿಗೆ ಕಳಿಸೋಕೆ ಕಾಸಿಲ್ಲದೆ ನಾನೇ ಕತ್ತರಿ ಹಿಡೀತಿದ್ದೆ. ಕೂದಲು ಒಂದೊಂದು ಕಡೆ ಒಂದೊಂದು ಥರ ನಿಲ್ತಿತ್ತು. ಶಾಲೇಲಿ ಎಲ್ಲರೂ ನಗ್ತಿದ್ರು, ಕ್ಷೌರಿಕನ ಮಗನ ತಲೆ ನೋಡ್ರೋ ಅಂತ. ಅವನು ಶಾಲೆ ಬಿಟ್ಟ. ಆಮೇಲೆ ಯಾರ ಯಾರ ಜೊತೆ ಸೇರಿದ ಅಂತ..."

ಕ್ಷೌರಿಕ ತನ್ನ ಬೆರಳುಗಳನ್ನೇ ನೋಡುತ್ತ ನಿಂತಿದ್ದ.

"ಇವತ್ತು ಬಾಕಿ ಕಟ್ಟಿ, ಇಲ್ಲವೆಂದರೆ ಒಂದು ತಿಂಗಳು ಸೆರೆ," ಎಂದರು ನ್ಯಾಯಾಧೀಶರು. "ಸೆರೆಗೆ ಹೋದರೂ ಬಾಕಿ ತೀರುವುದಿಲ್ಲ. ಕಟ್ಟಿದ ದಿನ ಬಿಡುಗಡೆ. ಅರ್ಥವಾಯಿತೇ?"

"ಆಯ್ತು."

"ಕಟ್ಟುತ್ತೀರಾ?"

"ಇಲ್ಲ."

"ಕಾರಣ?"

"ಹೇಳೋಕೆ ಏನಿಲ್ಲ ಸ್ವಾಮಿ. ತಪ್ಪು ನಂದೇ."

ಹೊರಗೆ ಪಡಸಾಲೆಯಲ್ಲಿ ಹೆಂಡತಿ ಅಡ್ಡ ನಿಂತಳು. "ಅಕ್ಕನ ಕೈಲಿ ಲಕೋಟೆ ನೋಡಿದೆ. ದುಡ್ಡಿಟ್ಕೊಂಡು ಜೈಲಿಗೆ ಹೋಗ್ತೀಯಲ್ಲ, ಅಷ್ಟು ಬೇಡವಾದ್ನಾ ಮಗ ನಿಂಗೆ?"

ಅವನು ಚೀಲವನ್ನು ಹೆಗಲಿಗೇರಿಸಿದ. ಪೊಲೀಸಿನವನ ಹಿಂದೆ ವ್ಯಾನು ಹತ್ತಿದ. ಹತ್ತುವಾಗ ಅವಸರದಲ್ಲಿದ್ದ ಹಾಗೆ ಕಾಣಿಸಿತು. ಅಕ್ಕ ಲಕೋಟೆಯನ್ನು ಎದೆಗೊತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

ಜೈಲಿನ ಕಚೇರಿಯಲ್ಲಿ ಕಾವಲುಗಾರ ದಪ್ಪ ಪುಸ್ತಕ ತೆರೆದ.

"ಕಸುಬು?"

"ಕ್ಷೌರ."

ಕಾವಲುಗಾರ ಮುಖ ಎತ್ತಿದ. "ಅರೆ, ನೀನಾ! ಮೊನ್ನೆ ತಾನೆ ನಿನ್ನ ಕುರ್ಚೀಲಿ ಕೂತು ಗೋಳು ಹೇಳ್ಕೊಂಡಿದ್ದೆ, ನಮ್ಮ ಕ್ಷೌರಿಕ ಬಿಡುಗಡೆಯಾಗಿ ಹೋದ, ಇವರ ತಲೆಗಳೆಲ್ಲ ಪೊದೆ ಆಗಿವೆ ಅಂತ. ನೋಡಪ್ಪ, ನೀನೇ ಬಂದುಬಿಟ್ಟೆ! ನಾಳೆಯಿಂದ್ಲೇ ಶುರು ಮಾಡು."

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಒಂದು ಸ್ಟೂಲು, ಒಂದು ಬಕೆಟ್ಟು ನೀರು, ಎಣಿಸಿ ಕೊಟ್ಟ ಎರಡು ಕತ್ತರಿ. ಸಾಲು ಗೋಡೆಯವರೆಗೆ ನಿಂತಿತ್ತು. ಕ್ಷೌರಿಕನ ಕೈ ಚುರುಕಾಗಿತ್ತು, ಕಣ್ಣು ಮಾತ್ರ ಸಾಲಿನ ಮೇಲೇ ಇತ್ತು. ಹದಿಮೂರು ತಲೆಗಳಾದವು. ಹದಿನಾಲ್ಕನೆಯವನು ಸ್ಟೂಲಿನ ಹತ್ತಿರ ಬಂದು, ಮುಖ ನೋಡಿ, ಗಕ್ಕನೆ ನಿಂತ. ತಿರುಗಿ ಹೊರಟ.

ಕಾವಲುಗಾರ ಲಾಠಿ ಅಡ್ಡ ಹಿಡಿದ. "ಎಲ್ಲಿಗೆ? ಭಾನುವಾರ ನಿನ್ನ ನೋಡೋಕೆ ಯಾರೋ ಬಂದ್ರೆ ಬರಲ್ಲ ಅಂತೀಯಲ್ಲ, ಅದು ನಿನ್ನಿಷ್ಟ. ಕ್ಷೌರ ನಿನ್ನಿಷ್ಟ ಅಲ್ಲ. ಕೂತ್ಕೋ."

ಹುಡುಗ ಹಲ್ಲು ಕಚ್ಚಿ ಕೂತ. ಕ್ಷೌರಿಕ ಅವನ ಕೊರಳಿಗೆ ಬಿಳಿ ಬಟ್ಟೆ ಸುತ್ತಿದ. ಬಾಚಣಿಗೆಯನ್ನು ಬಕೆಟ್ಟಿನ ನೀರಿಗೆ ಅದ್ದಿದ.

ನೆತ್ತಿಯ ಎರಡು ಸುಳಿಗಳ ನಡುವೆ ಬಾಚಣಿಗೆ ಇಟ್ಟು, "ತಲೆ ಸ್ವಲ್ಪ ತಗ್ಗಿಸು ಮಗನೇ," ಎಂದ ಅಪ್ಪ.