ಮಜ್ಜಿಗೆಯ ಸರದಿ

ವಾಮನರಾಯರ ಬಲಗೈ ನಡುಗುತ್ತಿದ್ದ ಕಾಲದಲ್ಲಿ, ಹೆಂಡತಿಯ ತಮ್ಮ ಮದುವೆಯೊಂದರ ತುಂಬಿದ ಪಂಕ್ತಿಯೆದುರೇ ಅವರ ಕೈಯಿಂದ ಸೌಟು ಕಸಿದುಕೊಂಡಿದ್ದ.

"ಬಿಡಿ ಭಾವ, ನೀವು ಬಡಿಸಿದ್ರೆ ಎಲೆಗಿಂತ ನೆಲಕ್ಕೇ ಊಟ ಜಾಸ್ತಿ!"

ಪಂಕ್ತಿಗೆ ಪಂಕ್ತಿಯೇ ನಕ್ಕಿತ್ತು. ಅಂದಿನಿಂದ ರಾಯರು ಅವನಿಗೆ ತಕ್ಕ ಮಾತೊಂದನ್ನು ಮನಸ್ಸಿನಲ್ಲೇ ಮಸೆಯುತ್ತ ಬಂದಿದ್ದರು.

ಮಿದುಳಿಗೆ ಅಲ್ಟ್ರಾಸೌಂಡ್ ಅಲೆ ಹಾಯಿಸಿ ನಡುಕ ನಿಲ್ಲಿಸಿದ ಡಾಕ್ಟರು ಎಚ್ಚರಿಸಿದ್ದರು: "ಕೈ ಸರಿಹೋಯ್ತು. ಆದ್ರೆ ಸ್ವಲ್ಪ ದಿನ ಮಾತಾಡೋವಾಗ ಪದ ಥಟ್ ಅಂತ ಸಿಗದೆ ಇರಬಹುದು."

"ನನಗೆ ಬೇಕಾದ್ದು ಒಂದೇ ಮಾತು. ಅದು ಬಾಯಿಪಾಠ ಆಗಿದೆ," ಎಂದಿದ್ದರು ರಾಯರು.

ಮುಂದಿನ ಮದುವೆಯಲ್ಲಿ ಹಟ ಹಿಡಿದು ಮಜ್ಜಿಗೆ ಬಡಿಸಲು ಹೊರಟರು. ಭಾವಮೈದುನ ಬೊಗಸೆಯೊಡ್ಡಿ ಕಿಸಕ್ಕನೆ ನಕ್ಕ. ರಾಯರು ಬಾಯಿ ತೆರೆದರು. ಮಸೆದಿಟ್ಟ ಮಾತಿನ ಒಂದಕ್ಷರವೂ ನಾಲಿಗೆಗೆ ಬರಲಿಲ್ಲ. ಪಂಕ್ತಿ ಕಿವಿ ನಿಮಿರಿಸಿತು.

"ಏನ್ ಭಾವ, ನಡುಕ ಈಗ ನಾಲಿಗೆಗೆ ಇಳೀತಾ?"

ರಾಯರು ಬಾಯಿ ಮುಚ್ಚಿದರು. ಸೌಟು ತುಂಬ ಮಜ್ಜಿಗೆ ಮೊಗೆದು ಅವನ ನೆತ್ತಿಯ ನಟ್ಟನಡುವೆ ನೂಲಿನಂತೆ ಧಾರೆ ಬಿಟ್ಟರು. ಪಕ್ಕದವರ ಎಲೆಗೆ ಒಂದು ಹನಿಯೂ ಸಿಡಿಯಲಿಲ್ಲ.