ಧರ್ಮಶಾಲೆಯ ನಡುಗೋಡೆ

"ನಡುವಿನ ಗ್ವಾಡಿ ಬ್ಯಾಡ ಯಮನಪ್ಪ, ಕೆಡವಿಬಿಡು," ಎಂದಳು ಸೋಮವ್ವ, ಚಕ್ಕಡಿಯಿಂದ ಪೂರ್ತಿ ಇಳಿಯುವ ಮೊದಲೇ.

ಗೌಂಡಿ ಯಮನಪ್ಪ ಕೈಯಲ್ಲಿದ್ದ ಕರಣಿಯನ್ನು ಗಾರೆಯ ಬುಟ್ಟಿಗೆ ಹಾಕಿದ. ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಮಂದಿ ಇಳಿದುಕೊಳ್ಳಲೆಂದು ಉಗರಗೋಳದಲ್ಲಿ ಏಳುತ್ತಿದ್ದ ಧರ್ಮಶಾಲೆ ಅದು. ಪ್ಲೇಗಿನಲ್ಲಿ ತೀರಿಕೊಂಡ ಗಂಡನ ಹೆಸರಿನಲ್ಲಿ ಮುರಗೋಡದ ಸೋಮವ್ವ ಕಟ್ಟಿಸುತ್ತಿದ್ದಳು. ಮೊದಲು ಬಾಗಿಲಿಗೆ ಐದು ಮೆಟ್ಟಿಲು ಎಂದಳು. ಕಲ್ಲು ಕೂಡಿಸಿದ ಮೇಲೆ, ಮುದುಕರಿಗೆ ಹತ್ತಲಾಗುವುದಿಲ್ಲವೆಂದು ಕಿತ್ತಿಸಿ ಇಳಿಜಾರು ಮಾಡಿಸಿದಳು. ಆಮೇಲೆ ಹೆಂಗಸರಿಗೆ ಬೇರೆ ಜಾಗ ಬೇಕೆಂದು ನಡುಗೋಡೆ ಎಬ್ಬಿಸಿದಳು. ಅದರ ಗಾರೆ ಈಗಷ್ಟೇ ಬಲಿತಿತ್ತು.

"ಅವ್ವಾರ, ಗ್ವಾಡಿ ಅಂದ್ರ ಹಂಚಿನ ಮ್ಯಾಗಿನ ರೊಟ್ಟಿ ಅಲ್ರಿ, ಬೇಕಾದಂಗ ತಿರುವಿ ಹಾಕಾಕ. ನಾಳೆ ಇದರ ಮ್ಯಾಗ ತೊಲಿ ಏರಸಾಕಂತ ಎಂಟು ಮಂದಿನ್ನ ಕರಸೇನಿ. ನಿಮಗ ಬ್ಯಾರೆ ಗೌಂಡಿನ ಬೇಕು," ಎಂದ ಯಮನಪ್ಪ. ಹಿಡಿದ ಕೆಲಸವನ್ನು ಅವನು ಇಷ್ಟು ವರ್ಷಗಳಲ್ಲಿ ಎಂದೂ ನಡುವೆ ಬಿಟ್ಟವನಲ್ಲ.

ಸೋಮವ್ವ ಸಿಟ್ಟಾಗಲಿಲ್ಲ. ಒಂದು ಕಲ್ಲಿನ ಮೇಲೆ ಕುಂತಳು. "ಮೊನ್ನೆ ಹೊಸ್ತಿಲ ಹುಣ್ಣಿಮಿಗೆ ನಾ ಇಲ್ಲೇ ಬಾಜೂ ಜಾತ್ರಿ ಮಂದಿ ಇಳಿಯೂ ಗುಡಸಲದಾಗ ಇದ್ನೆಪ್ಪ. ಅಲ್ಲೂ ನಡುವ ತಟ್ಟಿ ಕಟ್ಟಿ ಗಂಡಸರನ್ನ, ಹೆಂಗಸರನ್ನ ಬ್ಯಾರೆ ಮಾಡಿದ್ರು. ಲಕ್ವಾ ಹೊಡದ ಗಂಡನ್ನ ಒಬ್ಬಾಕಿ ಬೆನ್ನ ಮ್ಯಾಗ ಹೊತ್ಕೊಂಡು ಬಂದಿದ್ಲು. ಗಂಡಸರ ಕಡೆ ಆಕಿನ್ನ ಬಿಡಲಿಲ್ಲ, ಹೆಂಗಸರ ಕಡೆ ಅವನ್ನ ಬಿಡಲಿಲ್ಲ. ಇಬ್ರೂ ಬಯಲಾಗ ಉಳದ್ರು."

ಆ ಹೆಂಗಸನ್ನು ಯಮನಪ್ಪನೂ ನೋಡಿದ್ದ. ಕೇಳಿದಾಗ ಕೊಡ ಬಗ್ಗಿಸಿ ನೀರು ಕೊಟ್ಟಿದ್ದ. ಹೊರಗೆ ಯಾಕೆ ಕುಂತಿರೆಂದು ಮಾತ್ರ ಕೇಳಿರಲಿಲ್ಲ. ಅವನು ನಡುಗೋಡೆಯ ಸುತ್ತ ಒಂದು ಸಲ ತಿರುಗಿ ಬಂದ.

"ಕೆಡವತೇನ್ರಿ. ಎರಡು ಕಂಬ ನಿಲ್ಲಸ್ತೇನಿ, ತೊಲಿ ಅದರ ಮ್ಯಾಗ ಕೂಡತಾವು. ಆದ್ರ ನಂದೂ ಒಂದು ಮಾತು ಐತಿ. ಮಾಳಿಗಿ ಮುಗಿಸಿ ಕೈ ನಿಲ್ಲಸ್ತೇನಿ. ಭರತ ಹುಣ್ಣಿಮಿ ತನಕ ನೆಲಾ, ಬಾಗಲಾ ಏನೂ ಮುಟ್ಟೂದಿಲ್ಲ. ಅವತ್ತ ಮಂದಿ ಬಂದು ಇರ್ಲಿ, ಇಬ್ರೂ ಕುಂತು ನೋಡೂಣು. ಬೇಕಾದ್ದು ಅವತ್ತ ಹೇಳ್ರಿ. ಮರುದಿನದಿಂದ ಒಂದು ಕಲ್ಲೂ ಅಲುಗಾಡಸೂದಿಲ್ಲ."

"ಆತು," ಎಂದಳು ಸೋಮವ್ವ.

ಭರತ ಹುಣ್ಣಿಮೆಗೆ ಧರ್ಮಶಾಲೆಯ ಮುಂದಿನ ಬಯಲು ಚಕ್ಕಡಿಗಳಿಂದ ತುಂಬಿತು. ಯಮನಪ್ಪ ಒಳಗೆ ಹೋಗಿ ನೋಡಿದ. ಕಂಬಗಳು ಗಟ್ಟಿ ನಿಂತಿದ್ದವು, ಒಳಗೆಲ್ಲ ತಂಪು, ಮೂಲೆಯಲ್ಲಿ ನಾಲ್ಕು ಗಂಟುಗಳು. ಮನುಷ್ಯರು ಮಾತ್ರ ಇರಲಿಲ್ಲ. ಎಲ್ಲರೂ ಹೊರಗೋಡೆಗೆ ಬೆನ್ನು ಹಚ್ಚಿ, ಮೊಳದಗಲದ ನೆರಳಿನಲ್ಲಿ ಕಾಲು ಮುದುಡಿ ಕುಂತಿದ್ದರು. ಬಿಸಿಲು ಸರಿದಂತೆ ಅವರೂ ಸರಿಯುತ್ತಿದ್ದರು.

"ಒಳಗ ಇಷ್ಟು ತಂಪ ಐತಿ, ಹೊರಗ್ಯಾಕ ಕುಂತ್ರಿ?" ಎಂದು ಸೋಮವ್ವ ಒಬ್ಬನನ್ನು ಕೇಳಿದಳು.

"ಒಳಗ ಕುಂತ್ರ ಎತ್ತು ಕಾಣೂದಿಲ್ರಿ," ಎಂದ ಅವನು, ಕಣ್ಣನ್ನು ತನ್ನ ಚಕ್ಕಡಿಯಿಂದ ತೆಗೆಯದೆ.

ಸೋಮವ್ವ ಯಮನಪ್ಪನ ಕಡೆ ನೋಡಿದಳು. ಕೇಳಲು ಇದೇ ಕಡೆಯ ದಿನ. ಆದರೂ ಮೆಟ್ಟಿಲು ಕಿತ್ತಿಸಿ, ಗೋಡೆ ಕೆಡವಿಸಿ, ಮತ್ತೆ ಯಾವ ಬಾಯಿಂದ ಕೇಳುವುದೆಂದು ಆಕೆ ಸೆರಗು ಸರಿಪಡಿಸಿಕೊಂಡು ತನ್ನ ಚಕ್ಕಡಿಯ ಕಡೆ ತಿರುಗಿದಳು.

ಯಮನಪ್ಪ ಅಷ್ಟರಲ್ಲಿ ಹುರಿ, ಗೂಟ, ಸುತ್ತಿಗೆ ತಂದಿದ್ದ. ಮುಂದಿನ ಗೋಡೆಯ ಉದ್ದಕ್ಕೂ, ಹೊರಬದಿಗೆ, ಆರು ಮೊಳ ಅಗಲದ ತೆರೆದ ಪಡಸಾಲೆಗೆ ಗುರುತು ಹಾಕತೊಡಗಿದ. ಕುಂತವರ ಕಾಲುಗಳನ್ನು ದಾಟುತ್ತ ಬಂದು, ಒಬ್ಬ ಮುದುಕಿಯ ಹತ್ತಿರ ನಿಂತ.

"ಆಯೀ, ಕಾಲು ತುಸು ಮಡಚ್ಕೊ. ಗೂಟ ಬಡಿಯೂದೈತಿ."

ಮುದುಕಿ ಕಾಲು ಮಡಚಿದಳು. "ಏನ್ ಕಟ್ಟಾಕತ್ತೀಯೋ ತಮ್ಮಾ?"

"ನೀ ಕುಂತೀಯಲ್ಲ, ಆ ನೆರಳನ್ನ," ಎಂದ ಯಮನಪ್ಪ, ಸುತ್ತಿಗೆ ಎತ್ತುತ್ತ.