ಬೇಲಿ ತಂತಿಯ ಕೊಂಡಿ

ಹವಾಲ್ದಾರರು ಸೈಕಲ್ಲನ್ನು ತಳ್ಳಿಕೊಂಡು ನಡೆದು ಬರುತ್ತಿರುವುದು ಕಂಡು 'ರಿಪೇರಿ'ಯ ಎದೆ ಧಸಕ್ಕೆಂದಿತು. ಗಡಿಠಾಣೆಯ ಆ ಲಟಾರಿ ಸೈಕಲ್ಲಿನ ಉಸಾಬರಿಯೆಲ್ಲ ಅವನದೇ ಆದ್ದರಿಂದ ಜೊತೆಯ ಸೈನಿಕರು ಅವನಿಗಿಟ್ಟ ಹೆಸರದು. ಬೆಳಿಗ್ಗೆ ತುಂಡಾದ ಚೈನಿಗೆ ಬೇಲಿಯ ತಂತಿಯಿಂದಲೇ ಕೊಂಡಿ ಮಾಡಿ, "ಹೋಗಿ ಬರೋದಕ್ಕೆ ಮೋಸ ಇಲ್ಲ ಸಾರ್" ಎಂದು ಕಳಿಸಿದ್ದ. ಫೋನ್ ಇದ್ದದ್ದು ಐದು ಮೈಲಿ ಆಚೆಯ ಶಿಬಿರದಲ್ಲಿ. ಹವಾಲ್ದಾರರ ಹೆಂಡತಿಗೆ ಹೃದಯದ ಆಪರೇಷನ್ ಆಗಿತ್ತು. ಹತ್ತು ಗಂಟೆಗೆ ಮಗಳು ಆಸ್ಪತ್ರೆಯಿಂದ ಫೋನ್ ಮಾಡುವವಳಿದ್ದಳು.

ಅವರು ಹೋದಾಗಿನಿಂದ ರಿಪೇರಿ ನಿಂತಲ್ಲಿ ನಿಲ್ಲಲಾರದೆ, ಒರೆಸಿದ ಬಂದೂಕನ್ನೇ ಮೂರು ಸಲ ಒರೆಸಿದ್ದ. ಈಗ ಗೇಟಿಗೆ ಓಡಿ ಬಗ್ಗಿ ನೋಡಿದರೆ ಕೊಂಡಿ ಹಾಕಿದ ಹಾಗೇ ಇತ್ತು. ಹಾಗಾದರೆ ತಪ್ಪು ಸೈಕಲ್ಲಿನದಲ್ಲ. ಫೋನಿನ ಸುದ್ದಿ ಕೇಳಲಾರದೆ ಸೈಕಲ್ಲಿನ ಮಾತೇ ತೆಗೆದ.

"ಕೈ ಕೊಡ್ತಾ ಸಾರ್?"

"ಇಲ್ಲಪ್ಪ. ಚೆನ್ನಾಗೇ ಓಡ್ತು."

"ಮತ್ತೆ ಯಾಕೆ ನಡ್ಕೊಂಡು..."

ಹವಾಲ್ದಾರರು ಹ್ಯಾಂಡಲ್ ಬಿಡದೆ ನಿಂತೇ ಇದ್ದರು. "ಮಗಳು ಮಾತಾಡ್ತಾಳೆ ಅಂದ್ಕೊಂಡಿದ್ದೆ ಕಣೋ. ನಿಮ್ಮತ್ತಿಗೆ ತಾನೇ ಫೋನ್ ತಗೊಂಡು ಮಾತಾಡಿದ್ಲು. ಊಟ ಆಯ್ತಾ ಅಂತ ಕೇಳಿದ್ಲು. ಆಮೇಲೆ ಈ ಹಾಳು ಕಾಲು ಪೆಡಲ್ ಮೇಲೆ ನಿಲ್ಲಲೇ ಇಲ್ಲ."